ಸಾಲ ಹೆಚ್ಚಾತು

ಶಂಕ್ರೆವ್ವನ ಮನೆಯಲ್ಲಿ ಜೋಳ ತೀರಿದರೆ ತೀರಿತು ಎಂದೇ ಹೇಳಬೇಕಿತ್ತು. ಬಳೆ ಒಡೆದರೆ ಒಡೆಯಿತು, ದೀಪ ಆರಿಸುವುದಿದ್ದರೆ ಆರಿಸು. ಬಂದ ಬೀಗರು ಬಾಯಿತಪ್ಪಿ, "ಎಣ್ಣಿ ಹೆಚ್ಚಾಗೇತೇನವ್ವಾ?" ಅಂದರೋ, ಕೆಟ್ಟರು. ಒಲೆಯ ಮುಂದಿನಿಂದಲೇ ಆಕೆಯ ದನಿ ಏರುತ್ತಿತ್ತು: "ಹೆಚ್ಚಾಗಿದ್ರ ಗಡಿಗಿ ತುಂಬಿ ಚೆಲ್ಲತಿತ್ತು. ತೀರೇತಿ ಅನ್ರಿ! ಹಂಗಂದ್ರ ಇಲ್ಲಿ ಯಾರೂ ಸಾಯೂದಿಲ್ಲ!"

ವಿಜಾಪುರ ಸೀಮೆಯಲ್ಲಿ ಹೀಗೆ ಮಾತಾಡುವ ಇನ್ನೊಬ್ಬ ಹೆಂಗಸನ್ನು ಹುಡುಕಿ ತನ್ನಿ ನೋಡೋಣ. ಅಲ್ಲಿ ತೀರಿತು ಎಂಬ ಮಾತು ಸತ್ತವರಿಗೆ ಮೀಸಲು. ಮನೆಯಲ್ಲಿ ಕಾಳು ಮುಗಿದರೆ "ಜ್ವಾಳ ಹೆಚ್ಚಾಗ್ಯಾವ" ಅನ್ನಬೇಕು, ಬಳೆ ಒಡೆದರೆ "ಬಳಿ ಹೆಚ್ಚಾದೂ" ಅನ್ನಬೇಕು, ದೀಪ ಆರಿಸುವಾಗ "ದೊಡ್ಡದ ಮಾಡು" ಅನ್ನಬೇಕು. ಹೊರಟವರು "ಹೋಗ್ತೇನಿ" ಅನ್ನುವಂತಿಲ್ಲ, "ಬರ್ತೇನಿ" ಅನ್ನಬೇಕು. ಕೆಟ್ಟ ಮಾತಾಡಿದರೆ ಕೆಟ್ಟದ್ದೇ ಮನೆಗೆ ಬಂದೀತೆಂದು ಹೆದರಿ ಹಿರಿಯರು ಮಾಡಿಟ್ಟ ಪದ್ಧತಿ. ಒಳ್ಳೆಯದೇ, ಬಿಡಿ. ಜೈನಾಪುರದಲ್ಲಿ ಹುಟ್ಟಿ ಬೆಳೆದ ಶಂಕ್ರೆವ್ವನೂ ಮೊದಲು ಹಾಗೇ ಮಾತಾಡುತ್ತಿದ್ದಳು. ಆ ಒಳ್ಳೆಯ ಮಾತನ್ನೇ ಒಬ್ಬ ಮನುಷ್ಯ ಹಗ್ಗ ಹೊಸೆದು ಅವಳ ಕೊರಳಿಗೆ ಹಾಕಿದ. ಅವನನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ಅವಳ ಗಂಡ ಧೂಳಪ್ಪನಿಗೆ ಟಾಂಗಾದ ಹುಚ್ಚು ಹಿಡಿಯಿತು. ತಿಕೋಟಾದವನು, ಅಣ್ಣಂದಿರ ಕೈಕೆಳಗೆ ದುಡಿದು ದುಡಿದು ಬೇಸತ್ತಿದ್ದ. ವಿಜಾಪುರದ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆದರೆ ದಿನಾ ಸಂಜೆ ರೊಕ್ಕ ಎಣಿಸಬಹುದೆಂದು ಯಾರೋ ಅವನ ಕಿವಿ ಊದಿದ್ದರು. ಸರಿ, ಬಬಲೇಶ್ವರಕ್ಕೆ ಹೋಗಿ ಸಾವಕಾರ ಗುರಲಿಂಗಪ್ಪನ ಹತ್ತಿರ ನೂರೈವತ್ತು ರೂಪಾಯಿ ಎತ್ತಿದ. ರೂಪಾಯಿಗೆ ತಿಂಗಳಿಗೆ ಅರ್ಧ ಆಣೆ ಬಡ್ಡಿ. ಒತ್ತೆಗೆ ಇಟ್ಟದ್ದು ಹೆಂಡತಿಯ ಬೋರಮಾಳ. ಬೋರೆಹಣ್ಣಿನಂಥ ಬಂಗಾರದ ಗುಂಡುಗಳ ಆ ಸರವನ್ನು ಶಂಕ್ರೆವ್ವನ ತಾಯಿ ಸಾಯುವ ಮುಂಚೆ ತನ್ನ ಕೊರಳಿಂದ ತೆಗೆದು ಮಗಳ ಕೊರಳಿಗೆ ಹಾಕಿದ್ದಳು. "ಆರು ತಿಂಗಳದಾಗ ಬಿಡಿಸಿ ತರ್ತೇನಿ," ಎಂದು ಧೂಳಪ್ಪ ಆಣೆ ಇಟ್ಟ. ಪಾಪ, ಸುಳ್ಳು ಹೇಳುವ ಮನುಷ್ಯ ಅಲ್ಲ. ಆದರೆ ಕುದುರೆ ಅವನ ಆಣೆ ಕೇಳಬೇಕಲ್ಲ! ಒಂದೂವರೆ ವರ್ಷ ದುಡಿದು, ಒಂದು ದಿನ ಹೊಟ್ಟೆ ಉಬ್ಬಿ ಒದ್ದಾಡಿ ಸತ್ತಿತು. ಟಾಂಗಾ ಕಟ್ಟಿಗೆಯ ಬೆಲೆಗೆ ಹೋಯಿತು. ಧೂಳಪ್ಪ ಅರಳೆ ಬಿಡಿಸುವ ಜಿನ್ನಿನಲ್ಲಿ ಹಮಾಲನಾದ. ಗಂಡಹೆಂಡತಿ ವಿಜಾಪುರದಲ್ಲೇ ತಾಜಬಾವಡಿಯ ಹತ್ತಿರ ಒಂದೇ ಖೋಲಿಯಲ್ಲಿ ಉಳಿದರು. ಸಾಲ ಮಾತ್ರ ಬಬಲೇಶ್ವರದಲ್ಲಿ ಕಾಲು ಚಾಚಿ ಕೂತಿತ್ತು.

ಗಂಡನಿಗೆ ಸಾವಕಾರನ ಮುಖ ನೋಡಲು ನಾಚಿಕೆ. ಆದ್ದರಿಂದ ಬಡ್ಡಿ ಮುಟ್ಟಿಸುವ ಕೆಲಸ ಶಂಕ್ರೆವ್ವನ ಪಾಲಿಗೆ ಬಂತು. ಮೊದಲ ಸಲ ಹೋದಾಗಲೇ ಅವಳು ಕಂಡದ್ದೇನು? ಬಾಗಿಲಲ್ಲಿ ನಿಂತಿದ್ದ ಸಾವಕಾರನ ಹೆಂಡತಿ ಅಕ್ಕನಾಗಮ್ಮನ ಕೊರಳಲ್ಲಿ ತನ್ನ ಬೋರಮಾಳ!

"ಯಪ್ಪಾ, ಅದು ಒತ್ತಿ ಇಟ್ಟದ್ದಲ್ರೀ?"

ಗುರಲಿಂಗಪ್ಪ ಎಂದೂ ದನಿ ಏರಿಸುತ್ತಿರಲಿಲ್ಲ. ಬೆಲ್ಲದಂಥ ಮಾತು. "ಹಾಕ್ಕೊಂಡ್ರ ಸವೀತೈತೇನು ತಂಗಿ? ಪೆಟಿಗ್ಯಾಗ ಇಟ್ರ ಬಣ್ಣ ಮಾಸತೈತಿ. ನಿನ್ನ ದಾಗೀನಾ ನಾವು ಜ್ವಾಪಾನ ಮಾಡಾಕತ್ತೇವಿ."

ಶಂಕ್ರೆವ್ವ ಹಲ್ಲು ಕಡಿದು ಬಡ್ಡಿ ಎಣಿಸಿ ಇಟ್ಟಳು. ವಿಜಾಪುರಕ್ಕೆ ಮರಳುವ ಮೋಟಾರು ಬಸ್ಸು ತಪ್ಪೀತೆಂಬ ಅವಸರ, ಒಳಗೆ ಕುದಿಯುತ್ತಿದ್ದ ಸಿಟ್ಟು, ಎರಡೂ ಸೇರಿ ಬಾಯಿಂದ "ಹೋಗ್ತೇನ್ರಿ" ಎಂದು ಬಿದ್ದುಹೋಯಿತು. ಅಷ್ಟೇ. ಸಾವಕಾರನ ಮುಖ ಕಪ್ಪಿಟ್ಟಿತು. "ಏನಂದಿ? ನಮ್ಮ ಹೊಸ್ತಿಲದಾಗ ಹಂತಾ ಮಾತು ಆಡ್ತಾರೇನು? ಒಳಗ ಬಾ, ಕುಂದರು." ಅವಳನ್ನು ತಿರುಗಿ ಕೂರಿಸಿ, ನೀರು ಕುಡಿಸಿ, "ಬರ್ತೇನ್ರಿ" ಅನ್ನಿಸಿಯೇ ಕಳಿಸಿದರು. ಅಷ್ಟರಲ್ಲಿ ಮೋಟಾರು ಹೋಗಿಬಿಟ್ಟಿತ್ತು. ಶಂಕ್ರೆವ್ವ ಆ ದಿನ ಜೈನಾಪುರದ ಅಣ್ಣನ ಮನೆಗೆ ನಡೆದುಕೊಂಡು ಹೋಗಬೇಕಾಯಿತು. ದಾರಿಯುದ್ದಕ್ಕೂ ಬೈದಳು. ಬೈಗಳಿಗೆ ರೊಕ್ಕ ಕೊಡುವವರಿದ್ದರೆ ಅವತ್ತೇ ಸಾಲ ಮುಟ್ಟುತ್ತಿತ್ತು.

ದುಡಿಯಬೇಕೆಂದು ಅವಳು ಅವತ್ತೇ ಗಟ್ಟಿ ಮಾಡಿಕೊಂಡಳು. ಯುದ್ಧದ ದಿನಗಳು, ಎಣ್ಣೆಗೆ ಬರ, ಹಿಟ್ಟಿನ ಗಿರಣಿಗಳು ವಾರಗಟ್ಟಲೆ ಮುಚ್ಚಿರುತ್ತಿದ್ದವು. ರೇಶನ್ನಿನ ಜೋಳ ಕೈಯಲ್ಲಿ ಹಿಡಿದು ಪಟ್ಟಣದ ಹೆಂಗಸರು ಎಲ್ಲಿ ಬೀಸುವುದೆಂದು ಅಲೆಯುತ್ತಿದ್ದರು. ಶಂಕ್ರೆವ್ವ ಜೈನಾಪುರದಿಂದ ತವರಿನ ಬೀಸುಕಲ್ಲು ತರಿಸಿ ಬಾಗಿಲಲ್ಲೇ ಹೂಡಿದಳು. ಬೆಳಗಿನ ಕೋಳಿ ಕೂಗುವುದಕ್ಕೆ ಕೂತರೆ ಬಿಸಿಲೇರುವ ತನಕ ಬೀಸುವುದು, ಆಮೇಲೆ ರೊಟ್ಟಿ ಬಡಿಯುವುದು. ಜಿನ್ನಿನಲ್ಲಿ ದುಡಿಯುವ ಒಂಟಿ ಗಂಡಸರು, ಕಚೇರಿಗೆ ಅಲೆಯಲು ಬಂದು ಉಳಿದ ಹಳ್ಳಿಯವರು ತಮ್ಮ ಹಿಟ್ಟು ತಂದುಕೊಟ್ಟು ರೊಟ್ಟಿ ಒಯ್ಯುತ್ತಿದ್ದರು. "ಹಿಟ್ಟು ನಿಮ್ದು, ಕೈ ನಂದು, ಕೈಯಾಗಿನ ಬೆಂಕೀನೂ ನಂದು," ಅನ್ನುತ್ತಿದ್ದಳು. ಅವಳ ರೊಟ್ಟಿಯ ಬಡಿತ ಓಣಿಯ ಆ ತುದಿಗೂ ಕೇಳುತ್ತಿತ್ತು. ಸಾವಕಾರನ ಬೆನ್ನೇ ಕೈಗೆ ಸಿಕ್ಕಂತೆ ಬಡಿಯುತ್ತಿದ್ದಳು.

ಒಮ್ಮೆ ಬಡ್ಡಿಯ ಜೊತೆಗೆ ಇಪ್ಪತ್ತು ರೂಪಾಯಿ ಹೆಚ್ಚಿಗೆ ಒಯ್ದು ಇಟ್ಟಳು. "ಇದನ್ನ ಅಸಲಿಗೆ ಜಮಾ ಮಾಡ್ಕೋರಿ ಯಪ್ಪಾ."

ಗುರಲಿಂಗಪ್ಪ ರೊಕ್ಕವನ್ನು ಬೆರಳ ತುದಿಯಿಂದ ಹಿಂದಕ್ಕೆ ಸರಿಸಿದ. "ಅಸಲು ಇರ್ಲಿ ಬಿಡವ್ವಾ. ಅದೇನು ಓಡಿ ಹೋಗತೈತಿ? ಚೂರು ಚೂರು ತಂದ್ರ ಲೆಕ್ಕ ಕೆಡತೈತಿ. ಪೂರಾ ಒಮ್ಮಿಗೇ ತಾ, ದಾಗೀನಾ ಒಯ್ಯಿ. ಅಲ್ಲೀತನಕ ಬಡ್ಡಿ ಕೊಡು, ಸಾಕು."

ಎಂಥ ದೊಡ್ಡ ಮನಸ್ಸು ನೋಡಿ! ಹಾಲು ಕೊಡುವ ಎಮ್ಮೆಯನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಚೂರುಚೂರಾಗಿ ಇಸಿದುಕೊಂಡರೆ ಬಡ್ಡಿ ಇಳಿಯುತ್ತದೆ. ಪೂರಾ ಒಮ್ಮೆಗೇ ತರುವುದು ಹಮಾಲನ ಹೆಂಡತಿಗೆ ಈ ಜನ್ಮದಲ್ಲಿ ಆಗದೆಂದು ಅವನ ಲೆಕ್ಕ. ಶಂಕ್ರೆವ್ವನಿಗೆ ಆ ಲೆಕ್ಕ ಅಲ್ಲೇ, ಅವನ ಕಟ್ಟೆಯ ಮೇಲೇ ತಿಳಿಯಿತು.

ಪಕ್ಕದ ಖೋಲಿಯ ಬಾನುಬಿ ಬಳೆ ಮಾರುವವಳು. ಗಂಡ ಇಲ್ಲ, ಮಕ್ಕಳಿಲ್ಲ, ಬೀಗ ಇದ್ದ ಒಂದು ಕಬ್ಬಿಣದ ಟ್ರಂಕು ಇತ್ತು. ಶಂಕ್ರೆವ್ವ ಅದರಲ್ಲಿ ಎರಡು ಗಂಟು ಇಡಿಸಿದಳು. ಕೆಂಪು ಅರಿವೆಯದು ಸಾವಕಾರನ ಅಸಲಿಗೆ, ಹಸಿರು ಅರಿವೆಯದು ತನ್ನ ಮನೆಗೆ. ದಿನದ ಗಳಿಕೆಯಲ್ಲಿ ಏನೇ ಬರಲಿ, ಒಂದು ಪಾಲು ಹಸಿರು ಗಂಟಿಗೆ ಬೀಳಲೇಬೇಕು. ಇದು ಧೂಳಪ್ಪನ ಕಿವಿಗೆ ಬಿದ್ದ ದಿನ ಮನೆಯಲ್ಲಿ ರಣ ಆಯಿತು.

"ಸಾಲ ತಲಿ ಮ್ಯಾಲ ಕುಂತೈತಿ, ನೀ ರೊಕ್ಕ ಕೂಡಹಾಕಾಕತ್ತಿಯೇನು? ಎಲ್ಲಾ ಒಯ್ದು ಅವನ ಮಾರಿಗೆ ಒಗದು ಬಾ!"

"ಒಗದು ಬರ್ತೇನಿ. ನಾಳೆ ನಿಮಗ ಜ್ವರಾ ಬಂದ್ರ ಯಾರ ಬಾಗಲಾ ಬಡೀಲ್ರಿ? ಮತ್ತ ಅವನ ಬಾಗಲಾನ ಹೌದಲ್ಲೋ? ಒಂದು ಸಾಲ ಮುಟ್ಟಿಸಾಕ ಇನ್ನೊಂದು ಸಾಲ ಮಾಡೂ ಬಾಳೇ ನನಗ ಬ್ಯಾಡ!"

ಧೂಳಪ್ಪ ಎರಡು ದಿನ ಮಾತು ಬಿಟ್ಟ. ಅದೇ ಬೇಸಿಗೆಯಲ್ಲಿ ಜಿನ್ನಿನಲ್ಲಿ ಅರಳೆಯ ದೊಡ್ಡ ಮೂಟೆ ಉರುಳಿ ಅವನ ಕಾಲಮೇಲೆ ಬಿತ್ತು. ಎರಡು ತಿಂಗಳು ಹಾಸಿಗೆ. ಪಗಾರ ಇಲ್ಲ, ಔಷಧದ ಖರ್ಚು ಬೇರೆ. ಹಸಿರು ಗಂಟು ಬಿಚ್ಚಿತು. ಬಬಲೇಶ್ವರದ ಬಡ್ಡಿ ಒಂದು ತಿಂಗಳೂ ತಪ್ಪಲಿಲ್ಲ, ಕೆಂಪು ಗಂಟಿಗೆ ಯಾರೂ ಕೈ ಹಚ್ಚಲಿಲ್ಲ. ಧೂಳಪ್ಪ ಮತ್ತೆಂದೂ ಆ ಟ್ರಂಕಿನ ಸುದ್ದಿ ಎತ್ತಲಿಲ್ಲ. ಕಾಲು ಊರಲು ಬಂದ ಮೇಲೆ ಬೀಸುಕಲ್ಲಿನ ಎದುರು ತಾನೂ ಕೂತು ಗೂಟ ಹಿಡಿದ. ಗಂಡಸು ಬೀಸುವುದನ್ನು ನೋಡಿ ಓಣಿ ನಕ್ಕಿತು. ನಗಲಿ ಎಂದು ಗಂಡಹೆಂಡತಿ ಬೀಸಿದರು.

ಹೀಗೆ ನಾಲ್ಕು ವರ್ಷ. ಯುದ್ಧ ಮುಗಿದ ವರ್ಷದ ದೀಪಾವಳಿಯ ಮುಂದೆ ಕೆಂಪು ಗಂಟು ತುಂಬಿತು. ಶಂಕ್ರೆವ್ವ ತಲೆಗೆ ಎರೆದುಕೊಂಡು, ಒಳ್ಳೆಯ ಇಳಕಲ್ ಸೀರೆ ಉಟ್ಟು, ಬೋರಮಾಳಕ್ಕೆಂದು ಕೊರಳನ್ನು ಬರಿದಾಗಿಯೇ ಬಿಟ್ಟು ಹೊರಟಳು. ಪೆಟ್ರೋಲಿನ ಬರದಲ್ಲಿ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದ ಮೋಟಾರು ಸಾರವಾಡದ ಹತ್ತಿರ ಕೆಮ್ಮಿ ಕೆಮ್ಮಿ ನಿಂತಿತು. ಬಬಲೇಶ್ವರ ಮುಟ್ಟುವುದರಲ್ಲಿ ದೀಪ ಹಚ್ಚುವ ಹೊತ್ತು. ಅದೂ ಶುಕ್ರವಾರ, ಲಕ್ಷ್ಮಿಯ ದಿನ.

ಗುರಲಿಂಗಪ್ಪ ಕಟ್ಟೆಯ ಮೇಲಿದ್ದ. ಪಕ್ಕದಲ್ಲಿ, ಆ ಮನೆಯಲ್ಲಿ ದಿನಾ ಉಣ್ಣುವ ಗುರುಪಾದಯ್ಯ ಎಂಬ ಅಯ್ಯ, ಜಂಗಮ. ಶಂಕ್ರೆವ್ವ ಅಸಲು ಬಡ್ಡಿ ಎರಡನ್ನೂ ಇಟ್ಟಳು. ಸಾವಕಾರ ಎಣಿಸಿದ, ಒಳಗೆ ಕಳಿಸಿದ. ಆಮೇಲೆ ನಿಧಾನವಾಗಿ ಹೇಳಿದ: "ದೀಪಾ ಹಚ್ಚಿದ ಮ್ಯಾಲ ದಾಗೀನಾ ಹೊಸ್ತಿಲಾ ದಾಟಬಾರದವ್ವಾ. ಸೋಮವಾರ ಬಾ, ಒಯ್ಯುವಂತಿ."

ಅವಳು ಒಪ್ಪಿದಳು. ಪದ್ಧತಿ ಅವಳಿಗೂ ಗೊತ್ತಿದ್ದದ್ದೇ. ಕಣ್ಣಲ್ಲಿ ನೀರು ಬಂದಿತ್ತು. ದೀಪದ ಹೊತ್ತು, ಶುಕ್ರವಾರ, ಹಿಂದೆ ಒಮ್ಮೆ ಮಾತು ತಪ್ಪಿ ಅನ್ನಿಸಿಕೊಂಡದ್ದು ಬೇರೆ ನೆನಪಿತ್ತು. ಕೆಟ್ಟ ಮಾತು ಬರಬಾರದೆಂದು ನಾಲಿಗೆ ಬಿಗಿ ಹಿಡಿದು, ಕೈಮುಗಿದು ಅಂದಳು: "ಇವತ್ತಿಗೆ ನಮ್ಮ ಸಾಲ ಹೆಚ್ಚಾತ್ರಿ ಯಪ್ಪಾ. ಬರ್ತೇನ್ರಿ."

ಸೋಮವಾರ ಹೋದರೆ ಗುರಲಿಂಗಪ್ಪ ಅದೇ ಬೆಲ್ಲದ ದನಿಯಲ್ಲಿ ಕೇಳಿದ: "ಉಳಿದ ನೂರು ತಂದಿಯೇನು?"

"ಯಾ ನೂರ್ರೀ?"

"ನಿನ್ನ ಗಂಡ ನಡುವ ಮತ್ತ ಒಯ್ದದ್ದು. ನೀನ ಅಂದೀಯಲ್ಲ ಮೊನ್ನೆ, ಸಾಲ ಹೆಚ್ಚಾತು ಅಂತ. ಅಯ್ಯಾರು ಕೇಳ್ಯಾರ."

ಗುರುಪಾದಯ್ಯ ವಿಭೂತಿ ಹಚ್ಚಿದ ಹಣೆಯನ್ನು ಒರೆಸಿಕೊಂಡ. "ಹೆಚ್ಚಾತು ಅಂದದ್ದು ಖರೇನವ್ವಾ. ನನ್ನ ಕಿವಿಲೆ ಕೇಳೇನಿ. ಸುಳ್ಳ ಯಾಕ ಹೇಳ್ಲಿ?"

ಶಂಕ್ರೆವ್ವನಿಗೆ ಒಂದು ಗಳಿಗೆ ಅವರು ಏನು ಹೇಳುತ್ತಿದ್ದಾರೆಂದೇ ತಿಳಿಯಲಿಲ್ಲ. ಆಮೇಲೆ ಎಲ್ಲ ತಿಳಿಯಿತು. ಯುದ್ಧದಲ್ಲಿ ಬಂಗಾರದ ಬೆಲೆ ಎರಡು ಪಟ್ಟು ಮೀರಿ ಏರಿತ್ತು. ಬೋರಮಾಳ ಬಿಡಲು ಇವನಿಗೆ ಮನಸ್ಸಿಲ್ಲ. ಮನೆಯ ಮಾನಕ್ಕೆಂದು, ಇವನದೇ ಹೊಸ್ತಿಲು ತಣ್ಣಗಿರಲೆಂದು ಆಡಿದ ಮಾತನ್ನು ತಿರುಗಿಸಿ ಅವಳ ಮೇಲೇ ಹೇರಿದ್ದಾನೆ! "ನಿನ್ನ ಬಾಯಾಗ ಮಣ್ಣ ಬೀಳ್ಲಿ!" ಎಂದು ಚೀರಿದಳು. ಓಣಿಯ ಜನ ಕೂಡಿದರು, ಕೇಳಿದರು, ಸಾವಕಾರನ ಮುಖ ನೋಡಿ ಒಬ್ಬೊಬ್ಬರೇ ಚದುರಿದರು. ಅವರಲ್ಲಿ ಅರ್ಧ ಜನ ಅವನಿಗೆ ಬಡ್ಡಿ ಕೊಡುವವರೇ. ಥೂ!

ವಿಜಾಪುರದ ವಕೀಲರೊಬ್ಬರು ರಸೀದಿ ಕೇಳಿದರು. ಇರಲಿಲ್ಲ. ಸಾಕ್ಷಿ ಕೇಳಿದರು. ಇದ್ದ ಒಬ್ಬ ಸಾಕ್ಷಿ ಅವಳು ಅಂದದ್ದನ್ನು ಅಂದಂತೆಯೇ ಹೇಳುವವನು. ದಾವೆಯ ಖರ್ಚು ನೂರಕ್ಕಿಂತ ಹೆಚ್ಚು. ಬಡ್ಡಿ ನಿಲ್ಲಿಸಿದರೆ ದಾಗೀನಾ ಮುಳುಗಿತೆಂದು ಸಾವಕಾರ ಕೈ ಝಾಡಿಸುತ್ತಾನೆ. ಧೂಳಪ್ಪ ಕೊಡಲಿ ಹುಡುಕಿದ. ಶಂಕ್ರೆವ್ವ ಅದನ್ನು ಕಸಿದು ಮೂಲೆಗೆ ಎಸೆದಳು.

"ಜೇಲಿಗೆ ಹೋಗಿ ಕುಂದ್ರತೀರೇನು? ಆ ನೂರೂ ಕೊಡ್ತೇನಿ. ಆದ್ರ ನನ್ನ ಬಾಯಿಲೆ ಅನ್ನಿಸ್ಯಾನಲ್ಲ, ಅವನ ಬಾಯಿಲೇ ಅನ್ನಿಸಿ ಕೊಡ್ತೇನಿ."

ಅವತ್ತಿನಿಂದಲೇ ಅವಳ ಮನೆಯಲ್ಲಿ ಜೋಳ ತೀರತೊಡಗಿದ್ದು, ಬಳೆ ಒಡೆಯತೊಡಗಿದ್ದು. ಬಾನುಬಿ ಮೊದಮೊದಲು ಹೆದರಿ, "ಹಂಗನಬ್ಯಾಡಬೇ ಅಕ್ಕಾ," ಅನ್ನುತ್ತಿದ್ದಳು. ಶಂಕ್ರೆವ್ವ ಕೇಳಲಿಲ್ಲ. ಗಿರಣಿಗಳು ತಿರುಗಿ ಶುರುವಾಗಿ ಬೀಸುವ ಕೆಲಸ ನಿಂತಿತು. ಆಕೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಬುಟ್ಟಿಯಲ್ಲಿ ಹೊತ್ತು ಸ್ಟೇಶನ್ನಿಗೆ, ವಾರಕ್ಕೊಮ್ಮೆ ತಿಕೋಟಾದ ಸಂತೆಗೆ ನಡೆದಳು. ಗಂಡ ಒಂದು ಕಾಲದಲ್ಲಿ ಟಾಂಗಾ ನಿಲ್ಲಿಸುತ್ತಿದ್ದ ಜಾಗದಲ್ಲೇ ಕೂತು ಮಾರಿದಳು. ತಿಂಗಳು ತಿಂಗಳು ಬಡ್ಡಿ ಕಟ್ಟಿದಳು, ಕೆಂಪು ಗಂಟಿಗೂ ಹಸಿರು ಗಂಟಿಗೂ ಹಾಕುತ್ತಲೇ ಹೋದಳು. ಬಡ್ಡಿ ಕೊಡಲು ಹೋದಾಗ ಒಂದು ಮಾತೂ ಆಡುತ್ತಿರಲಿಲ್ಲ. ಸಾವಕಾರ ಅದನ್ನು ಮರ್ಯಾದೆ ಎಂದು ತಿಳಿದಿದ್ದ, ಹುಚ್ಚ.

ಸ್ವಾತಂತ್ರ್ಯ ಬಂದ ವರ್ಷ, ಶ್ರಾವಣದ ಶುಕ್ರವಾರ. ಅಕ್ಕನಾಗಮ್ಮನ ಮನೆಯಲ್ಲಿ ಲಕ್ಷ್ಮೀ ಪೂಜೆ, ಪಡಸಾಲೆ ತುಂಬ ಅರಿಷಿಣ ಕುಂಕುಮಕ್ಕೆ ಬಂದ ಹೆಂಗಸರು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಶಂಕ್ರೆವ್ವ ಬಾನುಬಿಯನ್ನು ಕರೆದುಕೊಂಡು ಹೊಸ್ತಿಲಲ್ಲಿ ನಿಂತಳು. ಈ ಸಲ ಯಾವ ಮೋಟಾರೂ ಕೆಟ್ಟಿರಲಿಲ್ಲ. ಹೊತ್ತು ನೋಡಿಯೇ ಬಂದಿದ್ದಳು.

"ಸಾವಕಾರ್ರ, ನಿಮ್ಮ ನೂರು ತಂದೇನಿ, ಬಡ್ಡಿ ಸಹಿತ." ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ರೂಪಾಯಿ, ನೋಟು ಎಲ್ಲ ಕಾಣುವಂತೆ ಹಿಡಿದಳು. "ಬೋರಮಾಳ ಕೊಡ್ರಿ."

"ದೀಪಾ ಹಚ್ಚೇತಿ ತಂಗಿ. ದಾಗೀನಾ..."

"ನಿಮ್ಮ ದಾಗೀನಾ ಹೊರಗ ಹೊಂಟಿಲ್ರಿ. ನಂದು ಮನಿಗೆ ಹೊಂಟೈತಿ. ಮತ್ತ ಇನ್ನೊಂದು. ಧೂಳಪ್ಪನ ಸಾಲ ತೀರ್ತು ಅಂತ ನಿಮ್ಮ ಬಾಯಿಲೆ ಅನ್ರಿ. ಅಂದ ಮ್ಯಾಲ ರೊಕ್ಕ ಮುಟ್ರಿ."

ಅಕ್ಕನಾಗಮ್ಮ ಎದೆಯ ಮೇಲೆ ಕೈಯಿಟ್ಟಳು. "ಅಯ್ಯ ಶಿವನ! ಶ್ರಾವಣ ಶುಕ್ರಾರ, ದೀಪದ ಮುಂದ..."

ಗುರಲಿಂಗಪ್ಪ ಕೈ ಅಡ್ಡ ಹಿಡಿದ. "ಹೆಚ್ಚಾತು ಅಂತೇನಿ ತಗೋ."

"ಹೆಚ್ಚಾತು ಅಂದಿದ್ದಕ್ಕ ನೂರು ರೂಪಾಯಿ ದಂಡಾ ಕೊಟ್ಟೇನ್ರಿ ನಾ!" ಅವಳ ದನಿ ಒಳಗಿನ ದೇವರ ಕೋಣೆಯ ತನಕ ಹೋಯಿತು. ಹೆಂಗಸರ ಕಡೆ ತಿರುಗಿದಳು. "ಏನ್ರೇ ಯವ್ವಗೋಳ್ರಾ, ಸಾಲ ಮುಟ್ಟಿಸಿದ ದಿನ ಹೆಚ್ಚಾತ್ರಿ ಅಂತ ಕೈ ಮುಗದ್ನಿ. ಮತ್ತ ನೂರು ಹೆಚ್ಚಾತು ಅಂತ ಬರಕೊಂಡ್ರು. ನಿಮ್ಮನ್ಯಾಗ ಜ್ವಾಳ ಹೆಚ್ಚಾಗ್ಯಾವ ಅಂದ್ರ ಗಡಿಗಿ ತುಂಬಿರತಾವೇನು?"

ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಉಳಿದವರು ಸಾವಕಾರನ ಕಡೆ ನೋಡಿದ ನೋಟದಲ್ಲಿ ನಗೆ ಇರಲಿಲ್ಲ. ಅವರ ಗಂಡಂದಿರು ಆ ಸೋಮವಾರ ಚದುರಿ ಹೋಗಿದ್ದರು. ಇವರು ಕೂತೇ ಇದ್ದರು. ಗುರುಪಾದಯ್ಯ ಮೆಲ್ಲನೆ ಎದ್ದ.

"ಕುಂದರ್ರಿ ಅಯ್ಯಾರ. ಆವತ್ತ ಕೇಳಿದ ಕಿವಿ ಇವತ್ತೂ ಕೇಳ್ಲಿ."

ಅಯ್ಯ ಕೂತ. ಸಾವಕಾರ ಮುಖ ತಿರುಗಿಸಿದ. ಶಂಕ್ರೆವ್ವ ರೊಕ್ಕವನ್ನು ತಿರುಗಿ ಸೆರಗಿಗೆ ಹಾಕಿ ಗಂಟು ಕಟ್ಟತೊಡಗಿದಳು. "ಬ್ಯಾಡಾದ್ರ ಬಿಡ್ರಿ. ಶುಕ್ರಾರ ದೀಪದ ಹೊತ್ತಿನಾಗ ಲಕ್ಷ್ಮಿ ಹೊಸ್ತಿಲಕ್ಕ ಬಂದಿದ್ದಳು, ಈ ಮನ್ಯಾವ್ರು ತಿರುಗಿಸಿ ಕಳಿಸಿದ್ರು ಅಂತ ಇವ್ರೆಲ್ಲಾ ಹೇಳ್ತಾರ."

ಅಕ್ಕನಾಗಮ್ಮ ಇಕ್ಕಟ್ಟಿಗೆ ಸಿಕ್ಕಳು. ಒಂದು ಕಡೆ ಸಾವಿನ ಮಾತು, ಇನ್ನೊಂದು ಕಡೆ ಬಾಗಿಲಿಂದ ತಿರುಗಿ ಹೋಗುವ ಲಕ್ಷ್ಮಿ. ಅವಳು ಗಂಡನ ತೋಳು ಹಿಡಿದು ಅಳುತ್ತಲೇ ಅಂದಳು: "ಅಂದ ಬಿಡ್ರಿ. ಕೈ ಮುಗೀತೇನಿ, ಅಂದ ಬಿಡ್ರಿ."

"ತೀರ್ತು," ಎಂದ ಗುರಲಿಂಗಪ್ಪ, ನೆಲ ನೋಡುತ್ತ.

"ಏನು ತೀರ್ತು? ಗಟ್ಟಿಯಾಗಿ ಅನ್ರಿ, ನನಗ ಕಿವಿ ಮಂದ."

"ಧೂಳಪ್ಪನ ಸಾಲ... ತೀರ್ತು." ಆ ಬೆಲ್ಲದ ದನಿ ಒಡೆದುಹೋಗಿತ್ತು.

ಶಂಕ್ರೆವ್ವ ಕೈ ಚಾಚಿದಳು. ಅಕ್ಕನಾಗಮ್ಮ ಬೋರಮಾಳ ಬಿಚ್ಚಿ ಆ ಕೈಯಲ್ಲಿಟ್ಟಳು. ಅವಳ ಮೈಯ ಬಿಸಿ ಇನ್ನೂ ಗುಂಡುಗಳಲ್ಲಿತ್ತು. ಶಂಕ್ರೆವ್ವನಿಗೆ ಅದನ್ನು ಆಗಲೇ ಕೊರಳಿಗೆ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. ಮನೆಗೆ ಒಯ್ದು ತೊಳೆಯಬೇಕು ಅನ್ನಿಸಿತು. ಸೆರಗಿನ ರೊಕ್ಕವನ್ನು ಹೊಸ್ತಿಲ ಮೇಲೆ ಸುರಿದು, ಬಾನುಬಿಯ ಕೈ ಹಿಡಿದು ಮೆಟ್ಟಿಲಿಳಿದಳು. ಏಳು ವರ್ಷದ ಬೆವರು ಅಲ್ಲೇ ಬಿದ್ದಿತ್ತು, ಸಿಟ್ಟು ಮಾತ್ರ ಅವಳ ಜೊತೆಗೇ ಬಂತು.

ಹಿಂದಿನಿಂದ ಅಕ್ಕನಾಗಮ್ಮ, ಹುಟ್ಟಿದಾಗಿನಿಂದ ರೂಢಿಯಾದ ಮಾತನ್ನು ತನಗೇ ತಿಳಿಯದಂತೆ ಅಂದಳು: "ಹೋಗಿ ಬಾರವ್ವಾ."

ಶಂಕ್ರೆವ್ವ ಅಂಗಳದಲ್ಲಿ ನಿಂತು ತಿರುಗಿದಳು.

"ಹೋಗ್ತೇನಿ," ಎಂದಳು.